ಪುಟ್ಟ ಉಗಿ ಪಂಪಿನ ಪಿಸ್ಟನ್ನಿಗೆ ಎಷ್ಟು ಬಿಗಿ ಬೇಕು?

ಕಾಲುವೆಯಲ್ಲಿ ಸಾಗುವ ಉಗಿದೋಣಿ ದಾರಿಯ ನಡುವೆ ನಿಂತಾಗ ಎಂಜಿನ್ನಿನ ಜೊತೆಗೆ ಅದಕ್ಕೆ ಜೋಡಿಸಿದ ಪಂಪೂ ನಿಂತು, ಬಾಯ್ಲರಿಗೆ ಕೈಯಿಂದ ನೀರೂಡಿಸಬೇಕಾಗುತ್ತಿದ್ದ ತೊಡಕನ್ನು ನೀಗಲು ಅಮೆರಿಕದ ಹೆನ್ರಿ ವರ್ದಿಂಗ್‌ಟನ್ 1840ರ ದಶಕದಲ್ಲಿ ಸ್ವತಂತ್ರ ಉಗಿ ಪಂಪನ್ನು ರೂಪಿಸಿದರು. ಇದರಲ್ಲಿ ಒಂದೇ ದಂಡದ ಎರಡು ತುದಿಗಳಲ್ಲಿ ಎರಡು ಪಿಸ್ಟನ್‌ಗಳಿದ್ದು, ಒಂದನ್ನು ಉಗಿ ತಳ್ಳಿದರೆ ಇನ್ನೊಂದು ನೀರನ್ನು ತಳ್ಳುತ್ತದೆ. ಕ್ರ್ಯಾಂಕ್ ಆಗಲಿ ಫ್ಲೈವೀಲ್ ಆಗಲಿ ಇಲ್ಲ. ತಿರುಗುವ ಚಕ್ರದ ಭಾರ ನೆರವಿಗೆ ಇಲ್ಲದ ಕಾರಣ ಪಿಸ್ಟನ್ ಎಲ್ಲಿಯಾದರೂ ಕೊಂಚ ಹಿಡಿದುಕೊಂಡರೆ ಪಂಪು ಅಲ್ಲಿಯೇ ನಿಂತುಬಿಡುತ್ತದೆ. ಇಂಥ ಯಂತ್ರದ ಅಂಗೈಯಗಲದ ಮಾದರಿಯನ್ನು ಕಟ್ಟುವವರು, ಪಿಸ್ಟನ್ನಿನ ಸುತ್ತ ಸೋರಿಕೆಯನ್ನು ತಡೆಯುವ ಸೀಲನ್ನೂ, ಸಿಲಿಂಡರಿನ ಒಳಗೋಡೆಯಾಗಿ ಕೂರಿಸುವ ಲೈನರ್ ಎಂಬ ಕೊಳವೆಯನ್ನೂ ಆರಿಸುವಾಗ ಮೊದಲು ನೆನೆಯಬೇಕಾದದ್ದು ಈ ದೌರ್ಬಲ್ಯವನ್ನೇ.

ಉಗಿಯ ಬದಿಯ ಸಿಲಿಂಡರ್ 16 ಮಿ.ಮೀ., ನೀರಿನ ಬದಿಯದು 10 ಮಿ.ಮೀ. ಒಳವ್ಯಾಸದವು, ಬಾಯ್ಲರಿನ ಒತ್ತಡ 6 ಬಾರ್ ಎಂದು ಇಟ್ಟುಕೊಂಡರೆ, ಉಗಿಯ ತಳ್ಳುಬಲ ಸುಮಾರು 120 ನ್ಯೂಟನ್ ಆಗುತ್ತದೆ. ಅದೇ ಬಾಯ್ಲರಿನ ಒತ್ತಡಕ್ಕೆ ಎದುರಾಗಿ ನೀರನ್ನು ಒಳನೂಕಲು 47 ನ್ಯೂಟನ್ ಖರ್ಚಾಗಿ, ಉಳಿದ 73 ನ್ಯೂಟನ್‌ನಲ್ಲಿಯೇ ಸೀಲುಗಳ ಘರ್ಷಣೆ, ವಾಲ್ವುಗಳ ತಡೆ, ಕೊಳವೆಯ ಒತ್ತಡನಷ್ಟ ಎಲ್ಲವೂ ತೀರಬೇಕು. ಲೆಕ್ಕದಲ್ಲಿ ಧಾರಾಳವೆನಿಸುವ ಈ ಉಳಿಕೆ ಯಂತ್ರ ಕಿರಿದಾದಂತೆ ಬೇಗ ಕರಗುತ್ತದೆ, ಏಕೆಂದರೆ ಉಗಿಯ ಬಲವು ವ್ಯಾಸದ ವರ್ಗಕ್ಕೆ ತಕ್ಕಂತೆ ಕುಗ್ಗಿದರೆ ಸೀಲಿನ ಉಜ್ಜುವಿಕೆ ಸುತ್ತಳತೆಯನ್ನು ಅನುಸರಿಸಿ ನಿಧಾನವಾಗಿ ಕುಗ್ಗುತ್ತದೆ. ಆದ್ದರಿಂದ ಇಲ್ಲಿ ತುಸು ಸೋರುವ ಸೀಲು ಕ್ಷಮ್ಯ, ಬಿಗಿಯಾಗಿ ಹಿಡಿಯುವ ಸೀಲು ಅಲ್ಲ.

ಮಾದರಿಗಾರರ ಕೈ ಸಾಮಾನ್ಯವಾಗಿ ಮೊದಲು ಹೋಗುವುದು ಒ-ರಿಂಗಿನ ಕಡೆಗೆ, ಅಂದರೆ ನೀಲ್ಸ್ ಕ್ರಿಸ್ಟೆನ್ಸನ್ 1939ರಲ್ಲಿ ಅಮೆರಿಕದ ಪೇಟೆಂಟ್ ಪಡೆದ, ಅಡ್ಡಕೊಯ್ತ ದುಂಡಗಿರುವ ರಬ್ಬರ್ ಬಳೆಯ ಕಡೆಗೆ. ಆದರೆ ರಬ್ಬರ್ ಎಂಬುದು ಒಂದೇ ವಸ್ತುವಲ್ಲ. 6 ಬಾರ್ ಒತ್ತಡದ ಉಗಿ ಸುಮಾರು 165 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವುದರಿಂದ ಸಾಮಾನ್ಯ ನೈಟ್ರೈಲ್ ರಬ್ಬರ್ ಅಲ್ಲಿ ಬೇಗ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಉಗಿಯನ್ನು ಚೆನ್ನಾಗಿ ತಾಳುವ ಇಪಿಡಿಎಂ ರಬ್ಬರ್, ಸಿಲಿಂಡರಿಗೆ ಹಾಕುವ ಎಣ್ಣೆ ತಗುಲಿದೊಡನೆ ಊದಿಕೊಳ್ಳುತ್ತದೆ. ಫ್ಲೋರಿನ್ ಸೇರಿದ ವೈಟಾನ್ ಎಣ್ಣೆಗೂ ಶಾಖಕ್ಕೂ ಜಗ್ಗದು, ಉಗಿಯಲ್ಲಿ ಮಾತ್ರ ಅದರ ಆಯುಷ್ಯ ಒಣ ಶಾಖದಲ್ಲಿರುವಷ್ಟು ದೀರ್ಘವಲ್ಲ. ಕೈಗಾರಿಕೆಯ ಕೈಪಿಡಿಗಳಲ್ಲಿ ಕಾಣುವ ಶೇ. 10ಕ್ಕೂ ಮಿಕ್ಕ ಅದುಮುವಿಕೆಯನ್ನು ಇಲ್ಲಿ ಅರ್ಧಕ್ಕೆ ಇಳಿಸಬೇಕು, ಅಂದರೆ 1.78 ಮಿ.ಮೀ. ದಪ್ಪದ ರಿಂಗು ತನ್ನ ತೋಡಿನಲ್ಲಿ ಕೂತಾಗ 0.09 ಮಿ.ಮೀ.ನಷ್ಟು ಮಾತ್ರ ಚಪ್ಪಟೆಯಾಗಬೇಕು. ಹೀಗಿದ್ದರೂ ಪಂಪು ಕೆಲವು ದಿನ ಸುಮ್ಮನಿದ್ದರೆ ನಡುವಿನ ಎಣ್ಣೆ ಹಿಂಡಿಹೋಗಿ ರಬ್ಬರ್ ಗೋಡೆಗೆ ಅಂಟಿಕೊಳ್ಳುತ್ತದೆ, ಮೊದಲ ಕದಲಿಕೆಗೆ ಬೇಕಾಗುವ ಬಲ ಓಡುವಾಗಿನದಕ್ಕಿಂತ ಬಹಳ ಹೆಚ್ಚುತ್ತದೆ. ಉಗಿ ಒಳಬರುವ ಪೋರ್ಟ್ ಎಂಬ ರಂಧ್ರದ ಮೇಲೆ ರಿಂಗು ಹಾದುಹೋಗುವಂತಿದ್ದರಂತೂ ರಂಧ್ರದ ಅಂಚು ಪ್ರತಿ ಹೊಡೆತಕ್ಕೂ ರಬ್ಬರನ್ನು ಚೂರುಚೂರಾಗಿ ಕತ್ತರಿಸುತ್ತದೆ.

ದೋಸೆ ಅಂಟದ ಕಾವಲಿಯ ಲೇಪವಾಗಿ ಮನೆಮನೆಗೂ ಗೊತ್ತಿರುವ ಟೆಫ್ಲಾನ್, ಅಂದರೆ ಪಿಟಿಎಫ್‌ಇ, 260 ಡಿಗ್ರಿಯವರೆಗೆ ಬಾಳುತ್ತದೆ ಮತ್ತು ಅದಕ್ಕೆ ಅಂಟುವ ದೋಷವೂ ಇಲ್ಲ. ಅದರ ಕುಂದು ಶಾಖಕ್ಕೆ ಹಿಗ್ಗುವುದರಲ್ಲಿದೆ: ಕಂಚಿಗಿಂತ ಆರು ಪಟ್ಟಿನಷ್ಟು ಹಿಗ್ಗುವ ಈ ವಸ್ತುವಿನಿಂದ 16 ಮಿ.ಮೀ.ನ ಇಡೀ ಪಿಸ್ಟನ್ನನ್ನೇ ಕಡೆದರೆ, ಕೋಣೆಯ ಬಿಸಿಯಿಂದ ಉಗಿಯ ಬಿಸಿಗೆ ಏರುವಷ್ಟರಲ್ಲಿ ಅದು ಸಿಲಿಂಡರಿಗಿಂತ 0.2 ಮಿ.ಮೀ.ಗೂ ಹೆಚ್ಚು ಬೆಳೆದು ಸಿಕ್ಕಿಹಾಕಿಕೊಳ್ಳುತ್ತದೆ. ಪಿಸ್ಟನ್ ಲೋಹದ್ದೇ ಇದ್ದು, ಒಂದೆಡೆ ಸೀಳಿದ ತೆಳುವಾದ ಟೆಫ್ಲಾನ್ ಉಂಗುರವನ್ನು ತೊಡಿಸಿದರೆ ಆ ಹಿಗ್ಗು ಸೀಳಿನಲ್ಲಿ ಅಡಗುತ್ತದೆ. ಜಾನ್ ರ‍್ಯಾಮ್ಸ್‌ಬಾಟಮ್ 1852ರಲ್ಲಿ ಬಳಕೆಗೆ ತಂದ ಸೀಳಿದ ಲೋಹದ ಉಂಗುರ ದೊಡ್ಡ ಎಂಜಿನ್ನುಗಳಿಗೆ ಇಂದಿಗೂ ಸರಿಸಾಟಿಯಿಲ್ಲದ್ದಾದರೂ, ಇಷ್ಟು ಚಿಕ್ಕ ಅಳತೆಯಲ್ಲಿ ಬೀಡು ಕಬ್ಬಿಣದ ಉಂಗುರ ಪಿಸ್ಟನ್ನಿಗೆ ಏರಿಸುವಾಗಲೇ ಮುರಿಯುವುದು ಹೆಚ್ಚು.

ಸೀಲು ನಿಶ್ಚಯವಾಗದೆ ಲೈನರಿನ ಲೋಹವನ್ನು ಕೊಳ್ಳುವುದು ವ್ಯರ್ಥ. ಬೀಡು ಕಬ್ಬಿಣದ ಲೈನರ್ ಅದೇ ಲೋಹದ ಉಂಗುರಕ್ಕೆ ಉತ್ತಮ ಜೋಡಿಯಾದರೂ, ಉಗಿ ತಣಿದು ಉಳಿದ ನೀರಿನಿಂದ ಅದು ರಾತ್ರೋರಾತ್ರಿ ತುಕ್ಕು ಹಿಡಿಯುತ್ತದೆ ಮತ್ತು ಆ ತುಕ್ಕಿನ ಒರಟುತನ ಮೆದು ಸೀಲನ್ನು ಅರದಂತೆ ಉಜ್ಜಿ ತಿನ್ನುತ್ತದೆ. ಬಿಸಿನೀರಿನಲ್ಲಿ ಹಿತ್ತಾಳೆಯಿಂದ ಸತು ಕರಗಿಹೋಗಿ ಲೋಹ ಟೊಳ್ಳಾಗುವ ಅಪಾಯವಿದೆ. ತಾಮ್ರ, ತವರಗಳ ಜೊತೆ ಕೊಂಚ ಸತು ಬೆರೆತ ಗನ್‌ಮೆಟಲ್ ಈ ಎರಡೂ ತೊಂದರೆಗಳನ್ನು ಬಹುಮಟ್ಟಿಗೆ ತಪ್ಪಿಸುವುದರಿಂದ ಟೆಫ್ಲಾನ್ ಉಂಗುರಕ್ಕಾಗಲಿ, ಪಿಸ್ಟನ್ನಿನ ತೋಡಿನಲ್ಲಿ ಸೀಲಾಗಿ ಸುತ್ತುವ ಗ್ರಾಫೈಟ್ ಹುರಿಗಾಗಲಿ ಅದೇ ಒಪ್ಪುವ ಗೋಡೆ. ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯೂ ಚೆನ್ನ, ಆದರೆ ಪಿಸ್ಟನ್ನೂ ಸ್ಟೇನ್‌ಲೆಸ್ ಆಗಿದ್ದರೆ ಎರಡೂ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಲೋಹ ಯಾವುದಾದರೂ ಲೇತಿನ ಉಳಿ ಬಿಟ್ಟ ಗೆರೆಗಳನ್ನು ಹೋನಿಂಗ್ ಕಲ್ಲಿನಿಂದ ತೆಗೆದು ನಯಗೊಳಿಸದಿದ್ದರೆ ಯಾವ ಸೀಲೂ ಉಳಿಯದು.

ನೀರಿನ ಬದಿಯ ನಿಯಮವೇ ಬೇರೆ. ಅಲ್ಲಿ ತಣ್ಣೀರಿರುವುದರಿಂದ ಅಗ್ಗದ ನೈಟ್ರೈಲ್ ರಿಂಗೇ ಸಾಕು. ಆದರೆ ಎಣ್ಣೆ ಹಾಕುವಂತಿಲ್ಲ, ಏಕೆಂದರೆ ನೀರಿನೊಡನೆ ಬಾಯ್ಲರಿಗೆ ಸೇರುವ ಎಣ್ಣೆ ನೊರೆಯೆಬ್ಬಿಸಿ, ಕಾಯುವ ತಗಡಿನ ಮೇಲೆ ಪದರಗಟ್ಟಿ, ಶಾಖ ನೀರಿಗೆ ದಾಟದಂತೆ ಮಾಡುತ್ತದೆ. ಹಳೆಯ ಮಾದರಿಯೊಂದನ್ನು ಕೊಂಡು ಬಿಚ್ಚುವವರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ: ಪಿಸ್ಟನ್ನಿನ ತೋಡಿನಲ್ಲಿ ಸುತ್ತಿರುವ ಬೂದುಬಣ್ಣದ ಹುರಿ ಕಲ್ನಾರಿನದಾಗಿರಬಹುದಾದ್ದರಿಂದ, ಅದನ್ನು ಒಣಗಿದಂತೆಯೇ ಕೆರೆಯದೆ, ಗಾಳಿಯಿಂದ ಊದದೆ, ನೀರಿನಲ್ಲಿ ನೆನೆಸಿಯೇ ಹೊರತೆಗೆಯಬೇಕು.