ರುಜು ಹಾಕದ ಅಧಿಕಾರಿಣಿ

ಸರ್ಕಾರಿ ಕಚೇರಿಯಲ್ಲಿ ಕಡತವೊಂದು ನಿಂತುಹೋಯಿತೆಂದರೆ ಗುಮಾಸ್ತನಿಂದ ಹಿಡಿದು ಮೇಲಧಿಕಾರಿಯವರೆಗೆ ಎಲ್ಲರನ್ನೂ ಶಪಿಸುವುದು ನಮ್ಮ ವಾಡಿಕೆ. ಆದರೆ ಅಮೆರಿಕದಲ್ಲಿ ಒಮ್ಮೆ ಕಡತವೊಂದು ಒಂದೂವರೆ ವರ್ಷ ನಿಂತಿದ್ದುದರಿಂದಲೇ ಎಷ್ಟೋ ಶಿಶುಗಳು ಅಂಗವೈಕಲ್ಯದಿಂದ ಪಾರಾದವು. ಅದನ್ನು ನಿಲ್ಲಿಸಿದವರು ಡಾಕ್ಟರ್ ಫ್ರಾನ್ಸೆಸ್ ಕೆಲ್ಸಿ.

ಆಕೆ ಹುಟ್ಟಿದ್ದು ಕೆನಡದಲ್ಲಿ, 1914ರಲ್ಲಿ. ಔಷಧಶಾಸ್ತ್ರದಲ್ಲಿ ಸಂಶೋಧನೆ ಮಾಡಬಯಸಿ ಷಿಕಾಗೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಗೈಲಿಂಗ್ ಅವರಿಗೆ ಪತ್ರ ಬರೆದಾಗ, ಹೆಸರನ್ನು ಗಂಡಸಿನದೆಂದು ಭಾವಿಸಿ ಅವರು "ಶ್ರೀಯುತ"ರೆಂದೇ ಸಂಬೋಧಿಸಿ ಕರೆಸಿಕೊಂಡರಂತೆ! 1937ರಲ್ಲಿ, ವಿಷದ್ರವ ಬೆರೆತ ಸಲ್ಫ ಔಷಧವೊಂದನ್ನು ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತಾಗ ಕಾರಣವನ್ನು ಶೋಧಿಸಿದವರಲ್ಲಿ ಗೈಲಿಂಗರೊಡನೆ ಈ ತರುಣಿಯೂ ಇದ್ದರು. ಮುಂದೆ ಯುದ್ಧಕಾಲದಲ್ಲಿ ಕ್ವಿನೈನ್ ಕುರಿತ ಪ್ರಯೋಗಗಳಲ್ಲಿ, ದೊಡ್ಡ ಮೊಲ ಅರಗಿಸಿಕೊಳ್ಳುವ ಮದ್ದನ್ನು ಅದರ ಗರ್ಭದಲ್ಲಿನ ಮರಿ ಅರಗಿಸಿಕೊಳ್ಳಲಾರದೆಂಬುದನ್ನು ಕಂಡುಕೊಂಡರು. ಈ ಅರಿವು ಬಹುಕಾಲ ಮನಸ್ಸಿನಲ್ಲಿ ಉಳಿಯಿತು.

1960ರ ಆಗಸ್ಟಿನಲ್ಲಿ ವಾಷಿಂಗ್ಟನ್ನಿನ ಆಹಾರ ಮತ್ತು ಔಷಧ ಇಲಾಖೆಯನ್ನು ಸೇರಿದರು. ಮರುತಿಂಗಳೇ ಮೆರೆಲ್ ಕಂಪನಿಯ ಥಾಲಿಡೊಮೈಡ್ ಎಂಬ ನಿದ್ರೆಮಾತ್ರೆಯ ಕಡತ ಅವರ ಮೇಜಿಗೆ ಬಂದಿತು. ಹೊಸಬರಿಗೆ ಸುಲಭದ ಕೆಲಸವೆಂದು ಕೊಟ್ಟದ್ದು! ಜರ್ಮನಿಯಲ್ಲಿ 1957ರಿಂದ ಅದು ವೈದ್ಯರ ಚೀಟಿಯಿಲ್ಲದೆಯೇ ಮಾರಾಟವಾಗುತ್ತಿತ್ತು. ಗರ್ಭಿಣಿಯರೂ ವಾಕರಿಕೆಗೆಂದು ನುಂಗುತ್ತಿದ್ದರು.

ಅಂದಿನ ಕಾನೂನಿನಂತೆ 60 ದಿನಗಳೊಳಗೆ ಇಲಾಖೆ ಆಕ್ಷೇಪವೆತ್ತದಿದ್ದರೆ ಮದ್ದು ತಾನಾಗಿಯೇ ಮಾರುಕಟ್ಟೆಗೆ ಬರಬಹುದಿತ್ತು. ಕಂಪನಿ ಸಲ್ಲಿಸಿದ ಪುರಾವೆಗಳಲ್ಲಿ ಪ್ರಯೋಗಕ್ಕಿಂತ ಪ್ರಶಂಸೆಯೇ ಹೆಚ್ಚೆಂದು ಕಂಡ ಕೆಲ್ಸಿ, ಸಾಲದೆಂದು ಹಿಂದಿರುಗಿಸಿದರು. ಅರವತ್ತು ದಿನಗಳ ಎಣಿಕೆ ಮತ್ತೆ ಮೊದಲಾಯಿತು. ಅಷ್ಟರಲ್ಲಿ, ಈ ಮಾತ್ರೆ ಸೇವಿಸಿದವರ ಕೈಕಾಲುಗಳು ಜೋಮು ಹಿಡಿಯುತ್ತಿವೆಯೆಂದು ಬ್ರಿಟಿಷ್ ವೈದ್ಯಪತ್ರಿಕೆಯೊಂದರಲ್ಲಿ ವರದಿ ಬಂದಿತು. ನರಗಳಿಗೆ ಹಾನಿಯಾದರೆ ಗರ್ಭಸ್ಥ ಶಿಶುವಿನ ಗತಿಯೇನು ಎಂದು ಅವರು ಕೇಳಿದರು. ಕಂಪನಿಯವರ ಬಳಿ ಉತ್ತರವಿರಲಿಲ್ಲ. ದೂರವಾಣಿ, ಪತ್ರ, ಭೇಟಿ, ಮೇಲಧಿಕಾರಿಗಳಿಗೆ ದೂರು—ಎಲ್ಲವೂ ನಡೆದವು. ಮೊಂಡುತನದ ಹೆಂಗಸೆಂದೂ ಅನ್ನಿಸಿಕೊಂಡಿರಬೇಕು. ರುಜು ಮಾತ್ರ ಬೀಳಲಿಲ್ಲ.

1961ರ ನವೆಂಬರಿನಲ್ಲಿ ಜರ್ಮನಿಯಿಂದ ಭಯಂಕರ ವಾರ್ತೆ ಬಂದಿತು. ಈ ಮಾತ್ರೆ ನುಂಗಿದ ತಾಯಂದಿರಿಗೆ ತೋಳಿಲ್ಲದ, ಕಾಲಿಲ್ಲದ ಮಕ್ಕಳು ಹುಟ್ಟುತ್ತಿದ್ದವು. ಲೋಕದಾದ್ಯಂತ ಅಂತಹ ಮಕ್ಕಳು ಹತ್ತು ಸಾವಿರಕ್ಕೂ ಹೆಚ್ಚೆಂದು ಅಂದಾಜು. 1962ರ ಮಾರ್ಚಿನಲ್ಲಿ ಕಂಪನಿ ಅರ್ಜಿಯನ್ನು ಹಿಂದಕ್ಕೆ ಪಡೆಯಿತು. ಆದರೆ ಪರೀಕ್ಷೆಯ ನೆಪದಲ್ಲಿ ಅದು ಸಾವಿರಕ್ಕೂ ಮಿಕ್ಕ ವೈದ್ಯರಿಗೆ ಮೊದಲೇ ಮಾತ್ರೆ ಹಂಚಿದ್ದುದರಿಂದ ಅಮೆರಿಕವೂ ಪೂರ್ಣವಾಗಿ ಪಾರಾಗಲಿಲ್ಲ. ಅಲ್ಲಿಯೂ ಕೆಲವು ಮನೆಗಳಲ್ಲಿ ಈ ದುಃಖ ಬಂದೊದಗಿತು.

ಆ ವರ್ಷದ ಆಗಸ್ಟ್ 7ರಂದು ಅಧ್ಯಕ್ಷ ಕೆನೆಡಿ ಆಕೆಗೆ ಪದಕವನ್ನಿತ್ತು ಸನ್ಮಾನಿಸಿದರು. ಅಕ್ಟೋಬರಿನಲ್ಲಿ ಹೊಸ ಕಾನೂನು ಬಂದು, ಮದ್ದು ಗುಣಕಾರಿಯೆಂಬುದನ್ನೂ ಕಂಪನಿಗಳು ರುಜುವಾತು ಮಾಡಬೇಕಾಯಿತು. ಪರೀಕ್ಷೆಗೊಳಗಾಗುವ ರೋಗಿಯ ಸಮ್ಮತಿಯೂ ಅಗತ್ಯವಾಯಿತು. ಕೀರ್ತಿ ಬಂದರೂ ಕೆಲ್ಸಿ ಕಚೇರಿಯನ್ನು ಬಿಡಲಿಲ್ಲ. ಅದೇ ಥಾಲಿಡೊಮೈಡಿಗೆ 1998ರಲ್ಲಿ, ಕುಷ್ಠರೋಗದ ಒಂದು ಉಪದ್ರವದ ಚಿಕಿತ್ಸೆಗೆಂದು, ಗರ್ಭಿಣಿಯರ ಕೈಗೆ ಸಿಕ್ಕದಂತೆ ಕಠಿಣ ನಿಬಂಧನೆಗಳನ್ನು ವಿಧಿಸಿ ಇಲಾಖೆ ಒಪ್ಪಿಗೆಯಿತ್ತಾಗಲೂ ಆಕೆ ಅಲ್ಲಿಯೇ ಕೆಲಸದಲ್ಲಿದ್ದರು. 2005ರಲ್ಲಿ ನಿವೃತ್ತರಾದಾಗ ಅವರಿಗೆ ತೊಂಬತ್ತು ವರ್ಷ. ಇನ್ನೂ ಹತ್ತು ವರ್ಷ ಬಾಳಿ, ಕೆನೆಡಿಯವರಿಂದ ಪದಕ ಸ್ವೀಕರಿಸಿದ ಅದೇ ಆಗಸ್ಟ್ 7ರಂದು, 2015ರಲ್ಲಿ, ನೂರೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು.