ಹಳ್ಳಕ್ಕೆ ಇಳಿಯುವ ಮುನ್ನ

ಕಡೂರಿನಿಂದ ಬೀರೂರು ದಾಟಿ ತರೀಕೆರೆಯತ್ತ ಹೊರಟರೆ ಎಡಗಡೆ ಬಾಬಾಬುಡನ್‌ಗಿರಿ ಸಾಲು ದೂರದಲ್ಲಿ ಜೊತೆಗೇ ಬರುತ್ತದೆ. ಇತ್ತ ರಾಗಿ ಹೊಲ ಹನಿ ನೀರಿಗೆ ಕಾದಿರುವ ದಿನವೇ ಅತ್ತ ಬೆಟ್ಟದ ನೆತ್ತಿ ಮೋಡದಲ್ಲಿ ಮುಳುಗಿರುವುದುಂಟು. ಹಳ್ಳಕೊಳ್ಳಗಳಲ್ಲಿ ಇಳಿಯಬೇಕೆನ್ನುವವರು ಮೊದಲು ಕಲಿಯಬೇಕಾದ್ದು ಇದನ್ನೇ. ತಲೆಯ ಮೇಲೆ ಬಿಸಿಲಿದ್ದರೂ ಕಾಲಡಿಯ ನೀರು ಏರಬಹುದು.

ಕ್ಯಾನಿಯನಿಂಗ್ ಎಂದರೆ ಹಳ್ಳದ ದಾರಿಯನ್ನೇ ದಾರಿ ಮಾಡಿಕೊಂಡು ಕೆಳಗಿಳಿಯುವುದು. ಬಂಡೆಗಳ ಮೇಲೆ ನಡೆಯಬೇಕು, ಮಡು ಬಂದರೆ ಈಜಬೇಕು, ಅಬ್ಬಿ ಬಂದರೆ ಹಗ್ಗ ಕಟ್ಟಿ ಇಳಿಯಬೇಕು. ಫ್ರಾನ್ಸಿನ ಗುಹಾಶೋಧಕ ಎಡ್ವರ್ಡ್ ಮಾರ್ಟೆಲ್ 1905ರಲ್ಲಿ ವೆರ್ಡಾನ್ ಕಮರಿಯನ್ನು ಹೀಗೆ ಶೋಧಿಸಿದ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಈಗ ಪ್ರತಿ ಮಳೆಗಾಲ ಜಲಪಾತಗಳಲ್ಲಿ ಹಗ್ಗ ಹಿಡಿದು ಇಳಿಯುವವರಿದ್ದಾರೆ. ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಇದು ಬೇರೂರಿಲ್ಲ. ಆದರೂ ಕಲ್ಲತ್ತಿಗಿರಿ ಜಲಪಾತದ ನೀರಿಗೆ ತಲೆಯೊಡ್ಡುವ ಭಕ್ತರು, ಹೆಬ್ಬೆ ಜಲಪಾತಕ್ಕೆ ಹೋಗುವ ದಾರಿಯಲ್ಲಿ ಹಳ್ಳ ದಾಟುವ ಪ್ರವಾಸಿಗರು ಈ ಸಾಹಸದ ಮೊದಲ ಮೆಟ್ಟಿಲಲ್ಲಿ ಆಗಲೇ ನಿಂತಿದ್ದಾರೆ. ಅವರಿಗೆ ಬೇಕಾದ ತಿಳಿವಳಿಕೆಯೂ ಹಗ್ಗದವರಿಗೆ ಬೇಕಾದ ತಿಳಿವಳಿಕೆಯೂ ಬಹುಪಾಲು ಒಂದೇ.

ಮೊದಲು ನೆಲದ ರೂಪ. ಬಾಬಾಬುಡನ್‌ಗಿರಿ ನೇರ ಸಾಲಲ್ಲ, ಕುದುರೆ ಲಾಳದಂತೆ ಬಾಗಿದೆ. ಲಾಳದ ಬಾಯಿ ವಾಯುವ್ಯಕ್ಕೆ. ಒಳಗಿರುವುದು ಜಾಗರ ಕಣಿವೆ. ಅಲ್ಲಿ ಬಿದ್ದ ನೀರು ಸೋಮವಾಹಿನಿಯಾಗಿ ಭದ್ರೆಗೆ ಸೇರುತ್ತದೆ. ಕೆಮ್ಮಣ್ಣುಗುಂಡಿ ಬಡಗಣ ತೋಳಿನ ಮೇಲಿದೆ, ಎತ್ತರ ಸುಮಾರು 1,434 ಮೀಟರ್. ಅಲ್ಲಿಂದ ಒಳಮೈಗೆ ಇಳಿದರೆ ಹೆಬ್ಬೆ, ಹೊರಮೈಯಲ್ಲಿ ಕಲ್ಲತ್ತಿಗಿರಿ. ಮೂಡಣ ಇಳಿಜಾರಿನ ವೇದಾ, ಅವತಿ ಎಂಬ ಎರಡು ತೊರೆಗಳು ಅಯ್ಯನಕೆರೆ, ಮದಗದ ಕೆರೆಗಳನ್ನು ತುಂಬಿಸಿ, ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತವೆ. ಈ ಬೆಟ್ಟಗಳ ನೆತ್ತಿಯಲ್ಲಿ ಕಬ್ಬಿಣದ ಅಂಶ ತುಂಬಿದ ಗಟ್ಟಿ ಪದರಗಲ್ಲಿದೆ. ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಇಲ್ಲಿಂದಲೇ. ಅದರಡಿಯ ಮೆದುಗಲ್ಲು ಬೇಗ ಸವೆಯುತ್ತದೆ, ಗಟ್ಟಿಗಲ್ಲು ಚಾಚಿ ನಿಲ್ಲುತ್ತದೆ. ನೀರು ಮೆಟ್ಟಿಲು ಮೆಟ್ಟಿಲಾಗಿ ಬೀಳಲು ಕಲ್ಲಿನ ಈ ಏರುಪೇರು ದೊಡ್ಡ ಕಾರಣ. ಹೆಬ್ಬೆ ಸುಮಾರು 168 ಮೀಟರ್ ಎತ್ತರದಿಂದ ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂಬ ಎರಡು ಹಂತಗಳಲ್ಲಿ ಇಳಿಯುತ್ತದೆ.

ಒಂದು ಕಣಿವೆ ಎಷ್ಟು ಕಷ್ಟದ್ದು ಎಂದು ಅಳೆಯಲು ಫ್ರೆಂಚರು ಮಾಡಿಕೊಂಡ ಪದ್ಧತಿ ನನಗೆ ಬಹಳ ಹಿಡಿಸುತ್ತದೆ. ಅವರು ಮೂರು ಅಂಕ ಕೊಡುತ್ತಾರೆ. ಕಡಿದಾದ ಇಳಿತಕ್ಕೆ 1ರಿಂದ 7, ನೀರಿನ ಕಷ್ಟಕ್ಕೆ 1ರಿಂದ 7. ಮೂರನೆಯದೇ ಮುಖ್ಯ: ಪ್ರವಾಹ ಬಂದರೆ ಅದರ ಕೈಗೆ ಸಿಗದ ಜಾಗ ಸೇರಲು ಎಷ್ಟು ಹೊತ್ತು ಬೇಕು ಎಂಬುದು. ಒಂದನೇ ದರ್ಜೆಯಲ್ಲಿ ಎಲ್ಲಿ ಬೇಕಾದರೂ ಸುಲಭವಾಗಿ ದಡ ಹತ್ತಬಹುದು. ಎರಡನೆಯದರಲ್ಲಿ ಕಾಲು ಗಂಟೆ, ಮೂರನೆಯದರಲ್ಲಿ ಅರ್ಧ ಗಂಟೆ, ನಾಲ್ಕನೆಯದರಲ್ಲಿ ಒಂದು ಗಂಟೆ ಹಿಡಿಯಬಹುದು. ಆರನೆಯದರಲ್ಲಿ ಎರಡು ಗಂಟೆಗೂ ಮೇಲೆ. ಧೈರ್ಯಕ್ಕೆ ಇಲ್ಲಿ ಅಂಕವೇ ಇಲ್ಲ. ನಮ್ಮ ಯಾವುದೇ ಹಳ್ಳಕ್ಕೆ ಕಾಲಿಡುವ ಮುನ್ನ ಈ ಮೂರನೇ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕು. ನೀರು ಈಗಲೇ ಏರಿದರೆ ಯಾವ ಕಡೆ ಹತ್ತುತ್ತೇನೆ? ಜೊತೆಗಿರುವ ಅಜ್ಜಿ ಹತ್ತಬಲ್ಲರೇ? ಮಗು?

ಹುಲ್ಲುಗಾವಲಿನ ಕಡಿದಾದ ಬೋಳುಗುಡ್ಡದ ಮೇಲೆ ಜೋರು ಮಳೆ ಸುರಿದರೆ ನೀರು ನಿಲ್ಲಲು ತಾವಿರುವುದಿಲ್ಲ. ಶೋಲಾ ಕಾಡು ಒಂದಿಷ್ಟನ್ನು ಹೀರಿಕೊಳ್ಳುತ್ತದೆ, ಉಳಿದದ್ದೆಲ್ಲ ಹಳ್ಳಕ್ಕೆ. ಅಗಲವಾಗಿ ಹರಿಯುತ್ತಿದ್ದ ನೀರು ಕೊರಕಲಿನ ಇಕ್ಕಟ್ಟಿಗೆ ಬಂದಾಗ ಪಕ್ಕಕ್ಕೆ ಹರಡಲು ಜಾಗವಿಲ್ಲದೆ ಮೇಲಕ್ಕೇರುತ್ತದೆ. ವೇಗ ಎರಡರಷ್ಟಾದರೆ ಅದರ ತಳ್ಳು ನಾಲ್ಕರಷ್ಟಾಗುತ್ತದೆ. ಮೊಣಕಾಲುದ್ದದ ನೀರು ಗಟ್ಟಿಮುಟ್ಟಾದ ಗಂಡಸನ್ನೂ ಕೆಡವಲು ಇಷ್ಟು ಸಾಕು. ಮುನ್ಸೂಚನೆಗಳು ಇರುತ್ತವೆ: ತಿಳಿನೀರು ಕೆಂಪಾಗುವುದು, ಎಲೆ, ಕಡ್ಡಿ, ನೊರೆ ತೇಲಿ ಬರುವುದು, ಸದ್ದು ಮಂದ್ರಕ್ಕಿಳಿದು ದಪ್ಪವಾಗುವುದು. ಹಳ್ಳಕ್ಕೆ ಇಳಿದ ಕೂಡಲೇ ಒಂದು ಕಲ್ಲನ್ನು ಗುರುತು ಮಾಡಿಟ್ಟುಕೊಳ್ಳಿ. ಅದರ ಮೇಲೆ ನೀರು ನಾಲ್ಕು ಬೆರಳು ಏರಿದರೂ ಫೋಟೊ, ಸ್ನಾನ ಎಲ್ಲ ಬಿಟ್ಟು ಮೇಲೆ ಬನ್ನಿ. ದಾರಿಯುದ್ದ ಕೆಳಗೆ ಓಡುವುದಲ್ಲ, ಪಕ್ಕಕ್ಕೆ, ಎತ್ತರಕ್ಕೆ.

ಹಗ್ಗದ ವಿದ್ಯೆಯನ್ನು ಲೇಖನ ಓದಿ ಕಲಿಯಲಾಗದು, ಕಲಿಯಲೂಬಾರದು. ರಾಜ್ಯದ ಕ್ರೀಡಾ ಇಲಾಖೆಯಡಿಯ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಕಡೆ ಮೊದಲು ಒಣಬಂಡೆಯ ಮೇಲೆ ಅಭ್ಯಾಸವಾಗಬೇಕು. ಒಣಬಂಡೆಯಲ್ಲಿ ಕಲಿತ ಕೆಲವು ನಿಯಮ ನೀರಿನಲ್ಲಿ ತಲೆಕೆಳಗಾಗುತ್ತವೆ ಎಂಬುದನ್ನಷ್ಟೇ ಹೇಳುತ್ತೇನೆ. ಬಂಡೆಯಲ್ಲಿ ಹಗ್ಗದ ತುದಿಗೆ ಗಂಟು ಹಾಕುವುದು ಜೀವ ಉಳಿಸುತ್ತದೆ. ಮಡುವಿಗೆ ಇಳಿಯುವಾಗ ಅದೇ ಗಂಟು ಮನುಷ್ಯನನ್ನು ಧಾರೆಯಡಿ ಹಿಡಿದಿಡಬಹುದು. ಆದ್ದರಿಂದ ಹಗ್ಗ ನೀರಿನ ಮಟ್ಟ ಮುಟ್ಟುವಷ್ಟೇ ಇರಬೇಕು, ಮೇಲಿನವರು ತಕ್ಷಣ ಸಡಿಲಿಸುವಂತಿರಬೇಕು. ಅಬ್ಬಿಯ ಸದ್ದಿನಲ್ಲಿ ಕೂಗು ಕೇಳಿಸದು, ಸೀಟಿ ಮತ್ತು ಕೈಸನ್ನೆಯೇ ಭಾಷೆ. ಇಳಿದ ಮೇಲೆ ಹಗ್ಗ ಎಳೆದುಕೊಂಡರೆ ಬಂದ ದಾರಿ ಮುಚ್ಚಿದಂತೆಯೇ. ಮುಂದಿನ ಇಳಿತಕ್ಕೆ ಹಗ್ಗ ಸಾಕೆಂದು ಖಾತ್ರಿಯಿಲ್ಲದೆ ಎಳೆಯುವಂತಿಲ್ಲ. ಮಡುವಿಗೆ ಹಾರುವುದಂತೂ ಒಳಗಿಳಿದು ತಡವಿ ನೋಡದೆ ಬೇಡವೇ ಬೇಡ. ಹೋದ ವರ್ಷ ಆಳವಿದ್ದ ಕಡೆ ಈ ವರ್ಷ ಮರದ ದಿಮ್ಮಿ ಬಂದು ಕೂತಿರಬಹುದು.

ಇನ್ನು ಕಾನೂನು. ಹೆಬ್ಬೆ ಇರುವುದು 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾ ಅರಣ್ಯದಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿಯಿಲ್ಲದೆ ಅಭಯಾರಣ್ಯ ಹೊಕ್ಕರೆ ಅಪರಾಧ. ಅರಣ್ಯ ಇಲಾಖೆ ಬಿಡುವ ಹೊತ್ತಿನಲ್ಲಿ ಜೀಪಿನಲ್ಲಿ ಹೋಗಿ, ಅಲ್ಲಿಂದ ನಡೆದು ಜಲಪಾತದ ಬುಡ ನೋಡಿ ಬರಬಹುದು. ಹಗ್ಗ ಹೊತ್ತು ಅಲ್ಲಿನ ಹಳ್ಳಗಳಿಗೆ ತಾವಾಗಿ ಇಳಿಯುವಂತಿಲ್ಲ. ಇದು ಸರಿಯಾದ ನಿರ್ಬಂಧ ಎಂದೇ ನನ್ನ ನಂಬಿಕೆ. ಬೇಸಿಗೆಯಲ್ಲಿ ಆ ಮಡುಗಳೇ ಪ್ರಾಣಿಗಳ ಕುಡಿಯುವ ನೀರು.

ಹಾಗಾದರೆ ಯಾರು ಎಲ್ಲಿಗೆ ಹೋಗಬಹುದು? ಮಂಡಿನೋವಿನವರಿಗೆ, ಪುಟ್ಟ ಮಕ್ಕಳಿಗೆ ಕಲ್ಲತ್ತಿಗಿರಿ. ವೀರಭದ್ರೇಶ್ವರ ದೇವಸ್ಥಾನದವರೆಗೂ ವಾಹನ ಬರುತ್ತದೆ, ಕಲ್ಲಿನ ಆನೆಗಳ ಬಳಿ ಕೂತೇ ನೀರು ನೋಡಬಹುದು. ಮಳೆ ಜೋರಿದ್ದ ದಿನ ಮಾತ್ರ ಪಾಚಿಗಟ್ಟಿದ ಮೆಟ್ಟಿಲ ಹತ್ತಿರ ಸುಳಿಯಬೇಡಿ. ತುಸು ನಡೆಯಬಲ್ಲವರಿಗೆ ಕೆಮ್ಮಣ್ಣುಗುಂಡಿಯಿಂದ ಜೆಡ್ ಪಾಯಿಂಟ್ ದಾರಿಯ ಶಾಂತಿ ಜಲಪಾತ. ಹಳ್ಳ ದಾಟಬಲ್ಲವರಿಗೆ ಹೆಬ್ಬೆ. ಗಾಲಿಕುರ್ಚಿಯಲ್ಲಿ ಬರುವವರು ಸಖರಾಯಪಟ್ಟಣದ ಅಯ್ಯನಕೆರೆಗೆ ಬಂದರೆ ಬೆಟ್ಟದ ನೀರು ಬಂದು ನಿಲ್ಲುವುದನ್ನು ಶಕುನಗಿರಿಯ ತಪ್ಪಲಲ್ಲಿ ನೋಡಬಹುದು. ನವೆಂಬರಿನಿಂದ ಜನವರಿ ಒಳ್ಳೆಯ ಕಾಲ: ನೀರು ಇನ್ನೂ ಇರುತ್ತದೆ, ಸೆಳವು ತಗ್ಗಿರುತ್ತದೆ. ಮಳೆಗಾಲದಲ್ಲಿ ಇಂಬಳಗಳ ಕಾಟ. ಮಳೆ ನಿಂತ ಮೇಲೆ ಉಣುಗುಗಳ ಕಾಲ. ಮಂಗನ ಕಾಯಿಲೆ ಹರಡುವುದು ಅವುಗಳಿಂದ, ಹಾಗಾಗಿ ಮೈತುಂಬ ಬಟ್ಟೆಯಿರಲಿ. ಕಾಡಿನಿಂದ ಬಂದು ಜ್ವರ ಕಾಣಿಸಿದರೆ ವೈದ್ಯರಿಗೆ ಎಲ್ಲಿ ಹೋಗಿದ್ದಿರೆಂದು ಮರೆಯದೆ ಹೇಳಿ.

ಅಜ್ಜಂಪುರದ ಈರುಳ್ಳಿ ಹೊಲಗಳ ಕಡೆ ಜಲಪಾತವಿಲ್ಲ. ಅಲ್ಲಿರುವ ಕಮರಿ ಮನುಷ್ಯ ಕೊರೆದದ್ದು: ಭದ್ರಾ ಮೇಲ್ದಂಡೆ ಯೋಜನೆಯ ಸುಮಾರು 7 ಕಿಲೋಮೀಟರ್ ಸುರಂಗ ಮತ್ತು ಆಳದ ಕಾಲುವೆ. ಕಾಂಕ್ರೀಟು ಹೊದಿಸಿದ ಕಾಲುವೆ ಹಳ್ಳಕ್ಕಿಂತ ಅಪಾಯಕಾರಿ. ಇಳಿಜಾರು ಗೋಡೆ ನುಣುಪು, ಹಿಡಿಯಲು ಬೇರಿಲ್ಲ, ಕಲ್ಲಿಲ್ಲ. ಬಿದ್ದವರನ್ನು ಹಿಡಿಯಲು ನೀರಿಗೆ ಹಾರದೆ ಹಗ್ಗ, ಸೀರೆ, ಉದ್ದ ಗಳ ಏನಾದರೂ ಚಾಚಿ, 112ಕ್ಕೆ ಕರೆ ಮಾಡಿ.

ಕಲ್ಲತ್ತಿಗಿರಿಯಲ್ಲಿ, ಹೆಬ್ಬೆಯ ದಾರಿಯಲ್ಲಿ ಹಳ್ಳ ದಾಟುವೆಡೆ, ಹಸಿರು, ಹಳದಿ, ಕೆಂಪು ಪಟ್ಟಿ ಬಳಿದ ಅಳತೆಗಂಬಗಳನ್ನು ನೆಡಬೇಕು. ಕೆಂಪು ಮುಟ್ಟಿದ ದಿನ ಯಾರನ್ನೂ ನೀರಿಗೆ ಬಿಡಬಾರದು. ಖರ್ಚು ಅಲ್ಪ, ಮತ್ತು ಓದು ಬಾರದವರಿಗೂ, ಪರಭಾಷೆಯ ಪ್ರವಾಸಿಗರಿಗೂ ಅರ್ಥವಾಗುತ್ತದೆ. ಮುಂದಿನ ಮುಂಗಾರಿಗೆ ಮೊದಲೇ ಆಗಬೇಕಾದ ಕೆಲಸವಿದು.