ಮೊಬೈಲಿನ ಪದ್ಧತಿ ಬದಲಾಯಿಸುವ ಮುನ್ನ

ಆಂಡ್ರಾಯ್ಡ್ ಫೋನಿನಲ್ಲಿ ಏಳೆಂಟು ವರ್ಷ ಕೈ ಪಳಗಿದವರು ಐಫೋನ್ ಹಿಡಿದಾಗ, ಅಥವಾ ಐಫೋನಿನವರು ಆಂಡ್ರಾಯ್ಡಿಗೆ ಬಂದಾಗ, ಮೊದಲ ಕೆಲವು ದಿನ ತೊಂದರೆಯಾಗುವುದು ಸಹಜ. ಸಂಬಳವಾದ ಮರುದಿನ ಊರಿಗೆ ಹಣ ಕಳುಹಿಸಹೋದರೆ ಹೋಗುವುದಿಲ್ಲ. ತಂದೆತಾಯಿಗಳ ಧ್ವನಿಯಿದ್ದ ಹಳೆಯ ಸಂದೇಶ ಸಿಕ್ಕುವುದಿಲ್ಲ. ಇದುವರೆಗೆ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದವರು ಇಂಗ್ಲಿಷ್ ಅಕ್ಷರಗಳಿಗೆ ಶರಣಾಗುತ್ತಾರೆ. ನಮ್ಮ ವಾಚನಾಲಯಕ್ಕೆ ಬರುವ ಬಾಂಧವರು ಕೆಲವರು ಈ ಬಗ್ಗೆ ವಿಚಾರಿಸಿದ್ದರಿಂದ, ನಮಗೆ ತಿಳಿದಷ್ಟನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇವೆ.

ಫೋನಿನ ಒಳಗಿದ್ದು ಅದರ ಎಲ್ಲ ಕೆಲಸಗಳನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಐಫೋನ್ ಹೊರಬಂದದ್ದು 2007ರಲ್ಲಿ. ಅದರ ಪದ್ಧತಿ ಆಪಲ್ ಕಂಪನಿಯದು. ಮೊದಲ ಆಂಡ್ರಾಯ್ಡ್ ಫೋನ್ ಬಂದದ್ದು 2008ರಲ್ಲಿ. ಅದರ ಪದ್ಧತಿ ಗೂಗಲ್‌ನದು, ಅದನ್ನು ಅನೇಕ ಕಂಪನಿಗಳು ಬಳಸುತ್ತವೆ. ವಡೋದರಾ ಸ್ಟೇಷನ್ನಿಗೆ ಸಯಾಜಿಗಂಜಿನ ಕಡೆ ಒಂದು ಬಾಗಿಲು, ಆಲ್ಕಾಪುರಿಯ ಕಡೆ ಇನ್ನೊಂದು. ರೈಲು ಅದೇ, ಊರೂ ಅದೇ. ಆದರೆ ಒಂದು ಬಾಗಿಲಿಗೆ ರೂಢಿಯಾದವನು ಇನ್ನೊಂದರಿಂದ ಹೊರಬಂದರೆ ದಿಕ್ಕು ತಪ್ಪುತ್ತಾನೆ. ಇಲ್ಲಿಯೂ ಹಾಗೆಯೇ. ಬೆರಳಿನ ರೂಢಿ ಎಂಟು ಹತ್ತು ದಿನಗಳಲ್ಲಿ ಬದಲಾಗುತ್ತದೆ; ಅದಕ್ಕೆ ಅಂಜಬೇಕಾಗಿಲ್ಲ. ಅಂಜಬೇಕಾದದ್ದು, ಯಾವುದು ನಮ್ಮ ಜೊತೆಗೆ ಬರುತ್ತದೆ, ಯಾವುದು ಹಳೆಯ ಫೋನಿನಲ್ಲೇ ಉಳಿಯುತ್ತದೆ ಎಂಬುದನ್ನು ತಿಳಿಯದೆ ಹಳೆಯದನ್ನು ಕೈಬಿಡುವುದಕ್ಕೆ.

ಹೆಸರು ಮತ್ತು ನಂಬರುಗಳು: ನಮ್ಮ ಸ್ವಂತ ನಂಬರು ಸಿಮ್ಮಿನದು; ಸಿಮ್ಮು ಹೋದಲ್ಲಿಗೆ ಅದೂ ಹೋಗುತ್ತದೆ. ಬರೆದಿಟ್ಟುಕೊಂಡ ಬಂಧುಮಿತ್ರರ ನಂಬರುಗಳು ಹಾಗಲ್ಲ. ಅವು ಸಿಮ್ಮಿನಲ್ಲಿರಬಹುದು, ಫೋನಿನಲ್ಲಿರಬಹುದು, ಜಿಮೇಲ್ ಖಾತೆಯಲ್ಲಿರಬಹುದು. ಜಿಮೇಲ್‌ನಲ್ಲಿದ್ದರೆ, ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಅದೇ ಖಾತೆಯನ್ನು ಸೇರಿಸಿ ಕಾಂಟ್ಯಾಕ್ಟ್ಸ್ ಎಂಬುದನ್ನು ಚಾಲೂ ಮಾಡಿದರೆ ಎಲ್ಲವೂ ಬರುತ್ತವೆ. ಆದರೆ ಎಷ್ಟೋ ಜನರ ಜಿಮೇಲ್ ಖಾತೆಯನ್ನು ಫೋನ್ ಕೊಂಡ ದಿನ ಅಂಗಡಿಯವನೇ ತೆರೆದುಕೊಟ್ಟಿರುತ್ತಾನೆ. ಪಾಸ್‌ವರ್ಡ್ ಅವರಿಗೆ ತಿಳಿದಿರುವುದಿಲ್ಲ. ಹಳೆಯ ಫೋನ್ ಕೈಯಲ್ಲಿರುವಾಗಲೇ ಅದನ್ನು ಬದಲಾಯಿಸಿ, ಕಾಗದದ ಮೇಲೆ ಬರೆದು ಮನೆಯಲ್ಲಿ ಜೋಪಾನ ಮಾಡತಕ್ಕದ್ದು.

ವಾಟ್ಸಾಪ್ ಸಂದೇಶಗಳು: ಹೆಚ್ಚು ನಷ್ಟವಾಗುವುದು ಇಲ್ಲಿಯೇ. ಆಂಡ್ರಾಯ್ಡಿನಲ್ಲಿ ಸಂದೇಶಗಳ ಪ್ರತಿಯನ್ನು ಗೂಗಲ್ ಖಾತೆಯಲ್ಲಿ ಇಡುತ್ತಾರೆ, ಐಫೋನಿನಲ್ಲಿ ಐಕ್ಲೌಡ್‌ನಲ್ಲಿ. ಒಂದರ ಪ್ರತಿಯನ್ನು ಇನ್ನೊಂದು ಓದುವುದಿಲ್ಲ. ಆದುದರಿಂದ "ಬ್ಯಾಕಪ್ ಇದೆಯಲ್ಲ" ಎಂದು ಧೈರ್ಯದಿಂದಿರಬಾರದು. ಆಂಡ್ರಾಯ್ಡಿನಿಂದ ಐಫೋನಿಗೆ ಹೋಗುವವರು 'ಮೂವ್ ಟು ಐಓಎಸ್' ಎಂಬ ಅಪ್ಲಿಕೇಶನ್ನಿನ ಮೂಲಕ ಸಂದೇಶಗಳನ್ನು ಸಾಗಿಸಬಹುದು. ಈ ಅನುಕೂಲ 2022ರಲ್ಲಿ ಬಂತು. ಹೊಸ ಫೋನನ್ನು ಮೊದಲ ಬಾರಿ ಸಿದ್ಧಪಡಿಸುವಾಗಲೇ ಇದನ್ನು ಮಾಡಬೇಕು. ಬಳಕೆ ಪ್ರಾರಂಭವಾದ ಮೇಲೆ ಮಾಡಬೇಕೆಂದರೆ ಹೊಸ ಫೋನನ್ನು ಪೂರ್ತಿ ಅಳಿಸಿ ಮೊದಲಿನಿಂದ ತೊಡಗಬೇಕಾಗುತ್ತದೆ. ನಂಬರು ಎರಡರಲ್ಲಿಯೂ ಒಂದೇ ಇರಬೇಕು. ಎರಡು ಫೋನುಗಳನ್ನೂ ಚಾರ್ಜಿಗೆ ಹಾಕಿಟ್ಟಿರಬೇಕು. ಐಫೋನಿನಿಂದ ಆಂಡ್ರಾಯ್ಡಿಗೆ ಬರುವವರಿಗೆ ಎರಡನ್ನೂ ಜೋಡಿಸುವ ಕೇಬಲ್ ಬೇಕು. ತೀರ ಬೇಕಾದ ಧ್ವನಿ, ಚಿತ್ರಗಳನ್ನು ಬೇರೆಯಾಗಿಯೂ ಮನೆಯವರೊಬ್ಬರಿಗೆ ಕಳುಹಿಸಿಡುವುದು ಒಳ್ಳೆಯದು.

ಹಣದ ವ್ಯವಹಾರ: 2016ರಲ್ಲಿ ಪ್ರಾರಂಭವಾದ ಯುಪಿಐ ಪದ್ಧತಿಯಲ್ಲಿ ನಮ್ಮ ಖಾತೆಯು ಸಿಮ್ಮಿಗೂ ಫೋನಿಗೂ ಸೇರಿಸಿ ಗಂಟುಹಾಕಲ್ಪಟ್ಟಿರುತ್ತದೆ. ನಮ್ಮ ಗುಟ್ಟು ತಿಳಿದ ಕಳ್ಳನು ಬೇರೊಂದು ಫೋನಿನಿಂದ ಹಣ ತೆಗೆಯಬಾರದೆಂದೇ ಈ ಏರ್ಪಾಡು. ಆದುದರಿಂದ ಫೋನ್ ಬದಲಾದರೆ ಪುನಃ ನೋಂದಾಯಿಸಬೇಕು. ಬ್ಯಾಂಕಿನಲ್ಲಿ ಕೊಟ್ಟ ನಂಬರಿನ ಸಿಮ್ಮು ಹೊಸ ಫೋನಿನಲ್ಲಿದ್ದು, ಅದರಿಂದ ಒಂದು ಎಸ್ಸೆಮ್ಮೆಸ್ ಹೋಗಬೇಕು; ಅದಕ್ಕೆ ತಕ್ಕ ರೀಚಾರ್ಜ್ ಇರಬೇಕು. ನೋಂದಾಯಿಸಿದ ಮೇಲೂ ಮೊದಲ ಒಂದೆರಡು ದಿನ ದೊಡ್ಡ ಮೊತ್ತ ಕಳುಹಿಸಲು ಬಿಡದೆ ಇರಬಹುದು. ಊರಿನಲ್ಲಿ ಸಾಲದ ಕಂತಿಗೋ ಔಷಧಿಗೋ ಹಣಕ್ಕಾಗಿ ಕಾಯುತ್ತಿರುವವರಿದ್ದರೆ, ಮೊದಲು ಹಣ ಕಳುಹಿಸಿ, ಆಮೇಲೆ ಫೋನ್ ಬದಲಾಯಿಸಿ.

ಕನ್ನಡ ಬರೆಹ: ಇದರಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಯುನಿಕೋಡ್ ಎಂಬ ಜಾಗತಿಕ ಏರ್ಪಾಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಒಂದು ನಿಶ್ಚಿತ ಸಂಖ್ಯೆಯಿದೆ; ಎರಡು ಪದ್ಧತಿಗಳೂ ಅದನ್ನೇ ಪಾಲಿಸುತ್ತವೆ. 'ಅಕ್ಕ' ಎಂದು ಬರೆದರೆ ಒಳಗೆ ಉಳಿಯುವುದು ಅ, ಕ, ಅರ್ಧಾಕ್ಷರದ ಗುರುತು, ಮತ್ತೆ ಕ. ಯಾವ ಫೋನಿನಲ್ಲಿ ಬರೆದರೂ ಯಾವುದರಲ್ಲಿ ಓದಿದರೂ ಅಷ್ಟೇ. ಐಫೋನಿನಲ್ಲಿ ಕನ್ನಡದ ಕೀಲಿಮಣೆ 2017ರಿಂದಲೂ ಇದೆ, ಆದರೆ ತಾನಾಗಿ ಎದುರಿಗೆ ಬರುವುದಿಲ್ಲ. ಸೆಟ್ಟಿಂಗ್ಸ್, ಜನರಲ್, ಕೀಬೋರ್ಡ್, ಕೀಬೋರ್ಡ್ಸ್ ಎಂದು ಒಂದಾದಮೇಲೊಂದು ಒತ್ತುತ್ತ ಹೋಗಿ 'ಆಡ್ ನ್ಯೂ ಕೀಬೋರ್ಡ್' ಎಂಬಲ್ಲಿ ಕನ್ನಡವನ್ನು ಆರಿಸಿಕೊಳ್ಳಿ. ಅನಂತರ ಬರೆಯುವಾಗ ಭೂಗೋಲದ ಚಿತ್ರವನ್ನು ಒತ್ತಿದರೆ ಕನ್ನಡ ಬರುತ್ತದೆ. ಅಕ್ಷರಗಳ ಸ್ಥಾನ ಬೇರೆಯಾಗಿರುವುದರಿಂದ ಮೊದಮೊದಲು ಬರೆಹ ನಿಧಾನವಾಗುತ್ತದೆ. ಇಲ್ಲಿಗೆ ಬಂದ ಹೊಸತರಲ್ಲಿ ಬಸ್ಸಿನ ಗುಜರಾತಿ ಬೋರ್ಡನ್ನು ಅಕ್ಷರಕ್ಕಕ್ಷರ ಕೂಡಿಸಿ ಓದುವುದನ್ನು ಕಲಿತವರಿಗೆ ಇದು ದೊಡ್ಡ ಕೆಲಸವಲ್ಲ. ಊರಿನಲ್ಲಿ ಕನ್ನಡ ಮಾತ್ರ ಓದಬಲ್ಲ ಹಿರಿಯರು ನಮ್ಮ ಕಾಗದಕ್ಕೆ ಕಾದಿರುತ್ತಾರೆಂಬುದು ನೆನಪಿರಲಿ.

ಕೆಲವು ಚಿಕ್ಕ ವಿಷಯಗಳು: ಐಫೋನಿನಲ್ಲಿ ಹಿಂದಕ್ಕೆ ಹೋಗುವ ಗುಂಡಿ ಕೆಳಗಿಲ್ಲ, ಎಡ ಅಂಚಿನಿಂದ ಬೆರಳನ್ನು ಒಳಕ್ಕೆ ಎಳೆಯಬೇಕು, ಅಥವಾ ಮೇಲಿನ ಎಡಮೂಲೆಯ ಬಾಣವನ್ನು ಒತ್ತಬೇಕು. 2023ರ ಐಫೋನ್ 15ಕ್ಕಿಂತ ಹಿಂದಿನವುಗಳಿಗೆ ಆಂಡ್ರಾಯ್ಡಿನ ಚಾರ್ಜರ್ ತಂತಿ ಹೊಂದುವುದಿಲ್ಲ. ಒಂದು ಪದ್ಧತಿಯಲ್ಲಿ ದುಡ್ಡು ಕೊಟ್ಟು ಕೊಂಡ ಅಪ್ಲಿಕೇಶನ್ ಇನ್ನೊಂದಕ್ಕೆ ಬರುವುದಿಲ್ಲ.

ಕಡೆಯದಾಗಿ, ಹಳೆಯ ಫೋನನ್ನು ಅದೇ ದಿನ ಮಾರಬೇಡಿ. ಹದಿನೈದು ದಿನ ಇಟ್ಟುಕೊಂಡು, ನಂಬರು, ಸಂದೇಶ, ಹಣ, ಚಿತ್ರ ಎಲ್ಲವೂ ಹೊಸದರಲ್ಲಿವೆಯೆಂದು ಖಾತ್ರಿಯಾದ ಮೇಲೆ, ಅದರಲ್ಲಿರುವುದನ್ನೆಲ್ಲ ಅಳಿಸಿ ಕೊಡತಕ್ಕದ್ದು. ಕೈಗೂಡದವರು ವಾಚನಾಲಯದ ವೇಳೆಯಲ್ಲಿ ಎರಡು ಫೋನುಗಳನ್ನೂ ತಂದರೆ ಕೂಡಿ ಕುಳಿತು ಮಾಡೋಣ. ಪಿನ್ನನ್ನೂ ಓಟಿಪಿಯನ್ನೂ ಮಾತ್ರ ಯಾರಿಗೂ ಹೇಳಬೇಡಿ, ನಮಗೂ ಹೇಳಬೇಡಿ.